ಬೋರೋಹೈಡ್ರೈಡ್ ಬಾಟಲಿಯ ಮುಚ್ಚಳ

ಬೆಟಗೇರಿಯ ನಮ್ಮ ಅಡುಗೆಮನೆಯ ಹಲಗೆಯ ಮೇಲಿದ್ದ ಬಾಟಲಿಗಳೆಲ್ಲ ಕಾಲೇಜಿನವು. ನಾನು ಗದಗಿನ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿ ಅಟೆಂಡರ್ ಆಗಿದ್ದೆ. ಖಾಲಿ ಬಾಟಲಿಗಳನ್ನು ಕುದಿನೀರಿನಲ್ಲಿ ತೊಳೆದು ಮನೆಗೆ ಒಯ್ಯುವುದು ನಮ್ಮಲ್ಲಿ ರೂಢಿಯಾಗಿತ್ತು. ಅದನ್ನು ಯಾರೂ ಕಳವು ಎನ್ನುತ್ತಿರಲಿಲ್ಲ. ಅವುಗಳಲ್ಲಿಟ್ಟ ಅಗಸಿ ಹಿಂಡಿ, ಅಂದರೆ ಅಗಸೆಬೀಜದ ಚಟ್ನಿಪುಡಿ, ಮಳೆಗಾಲದಲ್ಲೂ ಮೆತ್ತಗಾಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಲಕ್ಷ್ಮೇಶ್ವರದ ಒಬ್ಬ ತರುಣಿ ಉಪನ್ಯಾಸಕಿಯಾಗಿ ಬಂದರು. ಅವರ ತಂದೆಗೆ ಊರಲ್ಲಿ ಅತ್ತರಿನ ಅಂಗಡಿಯಿತ್ತು. ಪಾಠ ಮುಗಿದ ಮೇಲೆ ನಮ್ಮಲ್ಲೇ ಕೂತು ಡಾಕ್ಟರೇಟಿನ ಕೆಲಸ ಮಾಡುತ್ತಿದ್ದರು. ಅದಕ್ಕೆಂದು ಧಾರವಾಡದ ಮಾರ್ಗದರ್ಶಕರು ಒಂದು ಬಾಟಲಿ ಸೋಡಿಯಂ ಬೋರೋಹೈಡ್ರೈಡ್ ಕೊಟ್ಟಿದ್ದರು. ಆಗ ಅದು ಸಿಗುವುದೇ ಕಷ್ಟ. ಮಳೆಗಾಲ ಮುಗಿಯುವುದರೊಳಗೆ ಫಲಿತಾಂಶ ತೋರಿಸದಿದ್ದರೆ ತಮ್ಮಲ್ಲಿನ ಸಂಶೋಧನೆಯ ಜಾಗ ಬೇರೆಯವರಿಗೆ ಎಂದೂ ಹೇಳಿದ್ದರು.

ನಾನು ಬರ್ಫಿನ ಗಡ್ಡೆ ತಂದು ಒಡೆದು ಕೊಡುತ್ತಿದ್ದೆ. ಅವರು ಫ್ಲಾಸ್ಕನ್ನು ಅದರಲ್ಲಿ ಕೂರಿಸಿ, ಆ ಬಿಳಿ ಪುಡಿಯನ್ನು ತುಸು ತುಸುವೇ ಹಾಕುತ್ತಿದ್ದರು. ಸಣ್ಣಗೆ ನೊರೆ ಏಳುತ್ತಿತ್ತು.

“ಇಷ್ಟ್ಯಾಕ ನಾಜೂಕರಿ ಅಕ್ಕೋರ?”

“ಪುಡಿನೂ ನಾಜೂಕ ಐತಿ ಕಾಕಾ. ಇದರ ಜಾತಿದ ಇನ್ನೊಂದೈತಿ, ಗೂಳಿ ಇದ್ದಂಗ, ಮುಂದ ಸಿಕ್ಕಿದ್ದಕ್ಕೆಲ್ಲಾ ಹಾಯತೈತಿ. ಇದು ಹಂಗಲ್ಲ. ಕೀಟೋನ್ ಅಷ್ಟ ಹಿಡದು ಆಲ್ಕೋಹಾಲ್ ಮಾಡತೈತಿ, ಬಾಜೂಕಿರೋ ಎಸ್ಟರ್ ಮುಟ್ಟಂಗಿಲ್ಲ. ಔಷಧ ಮಾಡೋರಿಗೂ ಬೇಕು, ಸುಗಂಧದ ಸಾಮಾನು ಮಾಡೋರಿಗೂ ಬೇಕು.”

“ಆಲ್ಕೋಹಾಲಿಗೆ ನಮ್ಮ ಓಣ್ಯಾಗ ಗಿರಾಕಿ ಭಾಳ ಅದಾರ್ರಿ.”

“ಇದನ್ನ ಕುಡದ್ರ ಕಣ್ಣ ಹೋಗತಾವ. ಸುಮ್ನ ಬರ್ಫ್ ಒಡೀರಿ.”

ಆ ಶ್ರಾವಣದಲ್ಲಿ ನಮ್ಮ ಹಿಂಡಿ ಬಾಟಲಿಯ ಮುಚ್ಚಳ ಬಿರುಕು ಬಿಟ್ಟಿತು. ಹೆಂಡತಿ ಗೊಣಗತೊಡಗಿದಳು. ಬೋರೋಹೈಡ್ರೈಡ್ ಬಾಟಲಿಯ ಮುಚ್ಚಳವೂ ಅದೇ ಅಳತೆಯದು. ಅಕ್ಕೋರು ರಜೆಗೆ ಊರಿಗೆ ಹೋಗಿದ್ದರು. ಬರೀ ಮುಚ್ಚಳ ತಾನೆ ಎಂದುಕೊಂಡು ಅದನ್ನು ತೊಳೆದು ಮನೆಗೆ ಒಯ್ದೆ. ಬಿರುಕು ಬಿಟ್ಟದ್ದನ್ನು ಆ ಬಾಟಲಿಗೆ ತಿರುಗಿಸಿಟ್ಟೆ; ಕೂದಲೆಳೆಯಂಥ ಬಿರುಕು ಫಕ್ಕನೆ ಕಾಣುವಂತಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ ನಿಂತಿರಲಿಲ್ಲ.

ಅವರು ಮರಳಿ ಬಂದಾಗ ಪುಡಿ ತೇವ ಹೀರಿ ಹೆಂಟೆಗಟ್ಟಿತ್ತು. ಹಾಕಿದರೆ ನೊರೆ ಏಳಲಿಲ್ಲ. ಮತ್ತೆ ಮತ್ತೆ ಹಾಕಿದರು. ಕೀಟೋನ್ ಕೀಟೋನಾಗಿಯೇ ಉಳಿಯಿತು. ಅವರು ಧಾರವಾಡಕ್ಕೆ ಸುದ್ದಿ ಕಳಿಸಿದ್ದೇ ತಡ, ನಾನು ಮನೆಯಿಂದ ಮುಚ್ಚಳ ತಂದು ಮೊದಲಿನಂತೆ ಹಾಕಿಟ್ಟೆ.

ಮಾರ್ಗದರ್ಶಕರು ಬಂದು ಬಾಟಲಿ ತಿರುಗಿಸಿ ನೋಡಿದರು. ಮುಚ್ಚಳ ಬಿರುಕಿಲ್ಲದೆ ಗಟ್ಟಿಯಾಗಿತ್ತು.

“ಇದನ್ನ ಯಾರರ ಮುಟ್ಟಿದ್ರೇನು?” ಎಂದು ನನ್ನನ್ನು ಕೇಳಿದರು.

“ಇಲ್ರಿ ಸಾಹೇಬ್ರ. ಅಕ್ಕೋರು ಅವತ್ತ ಬಸ್ಸಿಗೆ ಗಡಿಬಿಡಿ ಮಾಡಿ ಹೋದ್ರು. ಮುಚ್ಚಳ ಸಡ್ಲ ಉಳದಿರಬೇಕ್ರಿ.”

“ಮುಚ್ಚಳ ಬಿಗಿ ಮಾಡಾಕ ಬರದಾಕಿ ಸಂಶೋಧನಾ ಮಾಡತಾಳಂತ!” ಎಂದರು ಅವರು.

ಬಿಗಿ ಮಾಡಿಯೇ ಹೋಗಿದ್ದೆ ಎಂದು ಅಲ್ಲಿಯವರೆಗೂ ಹೇಳುತ್ತಿದ್ದ ಅಕ್ಕೋರು ನನ್ನ ಮುಖ ನೋಡಿದರು. “ಖರೆ ಇರಬೇಕು ಸರ್. ಕಾಕಾ ಸುಳ್ಳ ಹೇಳಂಗಿಲ್ಲ.”

ಬಾಯಿ ಬಿಟ್ಟಿದ್ದರೆ ನನ್ನ ನೌಕರಿ ಹೋಗುತ್ತಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಬಹುಶಃ ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತು. ಹೋದದ್ದು ಅವರ ಜಾಗ. ಅಂಥ ಇನ್ನೊಂದು ಬಾಟಲಿ ಅವರಿಗೆ ಯಾರೂ ಕೊಡಲಿಲ್ಲ. ವರ್ಷದ ಕೊನೆಗೆ ಪಾಠ ಹೇಳುವುದನ್ನೂ ಬಿಟ್ಟರು.

ಹೋಗುವ ದಿನ ಪ್ರಯೋಗಶಾಲೆಗೆ ಬಂದು ನನ್ನ ಎದುರು ನಿಂತರು.

“ನನ್ನ ಸಲವಾಗಿ ನೀವೂ ಸರ್ ಮುಂದ ಜವಾಬ ಕೊಡೂದಾತು. ಮನಸಿನ್ಯಾಗ ಇಟಗೋಬ್ಯಾಡ್ರಿ ಕಾಕಾ.”

“ಇರಲಿ ಬಿಡ್ರಿ” ಎಂದೆ ನಾನು, ದೊಡ್ಡ ಮನಸ್ಸಿನಿಂದ ಕ್ಷಮಿಸುವವನ ಹಾಗೆ.