ಫೇಲಾದವರ ಸಿದ್ದಣ್ಣ

ಬೆಳಗಿನ ಆರು ಗಂಟೆ. ಶಂಕರಪುರಂನ ಅಡ್ಡರಸ್ತೆಯೊಂದರಲ್ಲಿ, ಇನ್ನೂ ತೆರೆಯದ ಅಂಗಡಿಯ ಷಟರ್‌ಗೆ ಸಿದ್ದಬಸಪ್ಪ ಒಂದೊಂದೇ ತಗಡು ಒರಗಿಸಿಡುತ್ತಿದ್ದಾರೆ. ಒಂದರ ಮೇಲೆ ಕೆಂಪು ತ್ರಿಕೋನ, ಇನ್ನೊಂದರ ಮೇಲೆ ಅಡ್ಡಗೆರೆ ಎಳೆದ ಹಾರ್ನ್. ಒಟ್ಟು ಮೂವತ್ತೆಂಟು ರಸ್ತೆ ಚಿಹ್ನೆಗಳು, ಎಲ್ಲವೂ ಇವರ ಕೈಬರಹ. ಎದುರು ಮೆಟ್ಟಿಲ ಮೇಲೆ ಕೂತಿರುವ ನಾಲ್ವರೂ ಎಲ್‌ಎಲ್‌ಗಾಗಿ, ಅಂದರೆ ಕಲಿಕಾ ಲೈಸೆನ್ಸಿಗಾಗಿ, ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆಯಲ್ಲಿ ಫೇಲಾದವರು. ಪಾಸಾದವರಿಗೆ ಇಲ್ಲಿ ಕೆಲಸವಿಲ್ಲ.

“ಹಳದಿ ದೀಪ ಬಂತು. ಏನ್ ಮಾಡ್ತೀರಿ?”

“ಜೋರಾಗಿ ದಾಟ್ಬಿಡ್ತೀನಿ,” ಎನ್ನುತ್ತಾರೆ ಅಭಿನಂದನ್. ಎಂಜಿನಿಯರಿಂಗ್ ಮುಗಿಸಿದವರು.

“ಅದಕ್ಕೇ ಫೇಲು.”

ಪಕ್ಕದಲ್ಲಿ ಕೂತ ಬಸವಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. “ಇಷ್ಟೋದಿರೋ ನೀವೇ ಫೇಲಾ ಸಾರ್? ಹಂಗಾದ್ರೆ ನಂದೇನೂ ಮಾನ ಹೋಗಿಲ್ಲ ಬಿಡಿ.”

ನಗುತ್ತಿದ್ದರೂ ಬಸವಮ್ಮ ಗಂಟೆ ಎಷ್ಟಾಯಿತೆಂದು ಕೇಳುತ್ತಲೇ ಇದ್ದಾರೆ. ನಲವತ್ಮೂರರ ಈಕೆ ಗಾಂಧಿ ಬಜಾರಿನ ಅಂಗಡಿಗಳಿಗೆ ಹೂವಿನ ಮಂಕರಿ ಹೊರುವವರು. ಮಹಿಳಾ ಸಂಘವೊಂದು ಇವರಿಗೆ ಆಟೊ ಗೊತ್ತು ಮಾಡಿದೆ. ಶನಿವಾರದೊಳಗೆ ಎಲ್‌ಎಲ್ ತೋರಿಸದಿದ್ದರೆ ಅದು ಪಟ್ಟಿಯಲ್ಲಿರುವ ಮುಂದಿನವರ ಪಾಲು. ಇವತ್ತು ಗುರುವಾರ. ಹನ್ನೊಂದಕ್ಕೆ ಮರುಪರೀಕ್ಷೆ.

ಕಳೆದ ವರ್ಷ ಈಕೆ ಪಾಸಾಗಿದ್ದರು. ಅಷ್ಟರಲ್ಲಿ ಕಾಲು ಮುರಿಯಿತು. ಎಲ್‌ಎಲ್‌ಗೆ ಆರೇ ತಿಂಗಳ ಆಯುಷ್ಯ. ಅದು ತೀರಿದ ಮೇಲೆ ಹಳೇ ಪಾಸಿಗೆ ಬೆಲೆಯಿಲ್ಲ, ಮೊದಲಿಂದ ಬರೆಯಬೇಕು. ಬರೆದರು. ಒಂದೇ ಒಂದು ಉತ್ತರ ಕಡಿಮೆಯಾಗಿ ಫೇಲಾದರು. ಮುಂದೇನು ಎಂದು ಆರ್‌ಟಿಒ ಕಚೇರಿಯ ಕಿಟಕಿಯಲ್ಲಿ ಕೇಳಿದರೆ, “ಗೋಡೆ ಮೇಲೆ ಅಂಟ್ಸಿದೆ, ಓದ್ಕೊಳಮ್ಮ” ಅಂದರಂತೆ. ಅಕ್ಷರ ಕೂಡಿಸಿ ಕೂಡಿಸಿ ಓದುವವರಿಗೆ ಗೋಡೆ ತೋರಿಸುವ ಈ ಸೊಕ್ಕು ಎಲ್ಲಿ ಕಲಿತು ಬರುತ್ತಾರೋ! ಎಲ್ಲ ಮುಗಿಯಿತು ಎಂದು ಅಳುತ್ತಾ ಬಂದವರಿಗೆ ಸಿದ್ದಬಸಪ್ಪ ಹೇಳಿದ್ದು ಇಷ್ಟೇ: “ಫೇಲ್ ಅಂದ್ರೆ ಅರ್ಜಿ ಸತ್ತೋಯ್ತು ಅಂತಲ್ಲ ತಾಯಿ. ಇವತ್ತೇ ಮತ್ತೆ ಬರಿಯಂಗಿಲ್ಲ, ಅಷ್ಟೆ. ಫೀಸು ಕಟ್ಟಿ ಇನ್ನೊಂದಿನಕ್ಕೆ ಸ್ಲಾಟ್ ಹಿಡೀರಿ.”

ಐವತ್ತೆಂಟರ ಸಿದ್ದಬಸಪ್ಪ ಚಾಮರಾಜಪೇಟೆಯವರು. ಮೂವತ್ತು ವರ್ಷ ನಂಬರ್ ಪ್ಲೇಟ್ ಬರೆದೇ ಸಂಸಾರ ತೂಗಿಸಿದವರು. ಯಂತ್ರದಲ್ಲಿ ಒತ್ತಿದ ಹೊಸ ಪ್ಲೇಟು ಕಡ್ಡಾಯವಾಯಿತು ನೋಡಿ, ಕುಂಚ ಒಣಗಿತು. ಮೂರು ದಶಕದ ಕಸುಬು ನಿಲ್ಲಿಸಲು ಒಂದು ಸುತ್ತೋಲೆ ಸಾಕಾಯಿತು. ಮುಂದೆ ಏನು ಮಾಡ್ತೀಯಪ್ಪ ಎಂದು ಕೇಳಲು ಒಬ್ಬನೂ ಬರಲಿಲ್ಲ. ಇದನ್ನು ಕೇಳಿ ನಮ್ಮ ಮೈ ಉರಿಯುತ್ತದೆ, ಅವರದು ತಣ್ಣಗೇ ಇದೆ.

“ಕೋಪ ಮಾಡ್ಕೊಂಡು ಯಾರ್ ಮೇಲೆ ತೀರಿಸ್ಕೊಳ್ಳೋಣ? ಖಾಲಿ ತಗಡು ಮಿಕ್ಕಿತ್ತು, ಡಬ್ಬೀಲಿ ಬಣ್ಣ ಇತ್ತು. ಚಿಹ್ನೆ ಬರ್ದೆ. ಫೇಲಾದೋನೊಬ್ಬ ನಿಂತ್ಕೊಂಡು ನೋಡ್ದ. ಹಂಗೇ ಶುರುವಾಯ್ತು.”

ಈಗ ಹಗಲೆಲ್ಲ ಅಂಗಡಿ ಬೋರ್ಡು, ಮನೆ ಗೇಟುಗಳ ಪೇಂಟಿಂಗ್. ಬೆಳಿಗ್ಗೆ ಎರಡು ಗಂಟೆ ಕಾಲ ಈ ಪಾಠ, ಪುಕ್ಕಟೆ. ದಿನಕ್ಕೆ ನಾಲ್ಕೈದು ಜನ, ಭಾನುವಾರ ಹತ್ತು ದಾಟುತ್ತದೆ. ಕಾರು, ಬೈಕು ಏನೂ ಇಲ್ಲದ ಮೇಷ್ಟ್ರ ಪಾಠದ ಕೊನೆಯ ಅರ್ಧ ಗಂಟೆ ಬರೀ ನಡಿಗೆ. ಗಾಂಧಿ ಬಜಾರಿನ ಜೀಬ್ರಾ ಪಟ್ಟಿಯ ಬಳಿ ಎಲ್ಲರನ್ನೂ ನಿಲ್ಲಿಸಿ, ಬಸವಮ್ಮ ಹೋದ ಸಲ ತಪ್ಪಿದ ಪ್ರಶ್ನೆಯನ್ನೇ ಎತ್ತುತ್ತಾರೆ: ಜನ ದಾಟಲು ಕಾಯುತ್ತಿದ್ದರೆ ಏನು ಮಾಡಬೇಕು?

“ಹಾರ್ನ್ ಹೊಡ್ಕೊಂಡು ಹೋಗೋದು. ಎಲ್ರೂ ಅದನ್ನೇ ತಾನೇ ಮಾಡೋದು ಸಿದ್ದಣ್ಣ? ನಾನೇನ್ ಸುಳ್ಳು ಹೇಳ್ಲಾ?” ಎನ್ನುತ್ತಾರೆ ಬಸವಮ್ಮ.

ಈ ಊರಿನ ರಸ್ತೆ ಚೆನ್ನಾಗಿ ಬಲ್ಲವರೆಲ್ಲ ಬೀಳುವ ಗುಂಡಿ ಇದೇ. ಕಂಪ್ಯೂಟರು ಕೇಳುವುದು ಏನಾಗಬೇಕು ಎಂದು. ಇವರು ಏನಾಗುತ್ತಿದೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಿ ಫೇಲಾಗುತ್ತಾರೆ.

“ಮಂಕರಿ ಹೊತ್ಕೊಂಡು ಇದೇ ಜಾಗದಲ್ಲಿ ನಿಂತಾಗ ಏನಂತ ಬೈತೀರಿ?”

“ಒಬ್ನಾದ್ರೂ ನಿಲ್ಸಬಾರ್ದಾ, ಇವನ ಕೈ ಸೇದೋಗ, ಅಂತ.”

“ಅದೇ ಉತ್ತರ. ಓಡ್ಸೋರ ಥರ ಯೋಚ್ನೆ ಮಾಡ್ಬೇಡಿ, ದಾಟೋರ ಥರ ಮಾಡಿ.”

ಬಸವಮ್ಮ ಪಟ್ಟಿಯನ್ನೇ ನೋಡುತ್ತಾ ನಿಂತು, ಆಮೇಲೆ ಬಸ್ ಹಿಡಿಯಲು ಹೊರಡುತ್ತಾರೆ.

ಮಧ್ಯಾಹ್ನ ಎರಡು. ಶಂಕರಪುರಂನ ಹಳೇ ಮನೆಯೊಂದರ ಗೇಟಿಗೆ ಬಣ್ಣ ಬಳಿಯುತ್ತಾ ಸಿದ್ದಬಸಪ್ಪ ಐದನೇ ಸಲ ಫೋನು ತೆಗೆದು ನೋಡುತ್ತಾರೆ. ಬಸವಮ್ಮ ಫೋನು ಮಾಡುವುದಿಲ್ಲ, ತಾವೇ ಓಡಿ ಬರುತ್ತಾರೆ.

“ಎರಡೇ ತಪ್ಪು ಸಿದ್ದಣ್ಣ! ಜೀಬ್ರಾದ್ದೂ ಬಂದಿತ್ತು. ಮಂಕರಿ ನೆನೆಸ್ಕೊಂಡು ಒತ್ಬಿಟ್ಟೆ!”

ಗೇಟಿನ ಕೆಲಸ ನಿಲ್ಲುತ್ತದೆ. ಪಾಸಾದವರಿಗೆ ಇವರು ಬಿಳಿ ತಗಡಿನ ಮೇಲೆ ಕೆಂಪು ‘ಎಲ್’ ಬರೆದುಕೊಡುವುದು ವಾಡಿಕೆ. ಪರೀಕ್ಷೆಗೆ ಮೊದಲೇ ಯಾರು ಗೋಗರೆದರೂ ಬರೆಯುವುದಿಲ್ಲ. ತಗಡಿನ ಹಿಂದೆ ಸಣ್ಣಗೆ ಒಂದು ತಾರೀಖು: ಎಲ್‌ಎಲ್ ಮುಗಿಯುವ ದಿನ. ಒಂದು ತಿಂಗಳು ಕಳೆದ ಮೇಲೆ ಡ್ರೈವಿಂಗ್ ಪರೀಕ್ಷೆಗೆ ಹೋಗಬಹುದು, ಆ ತಾರೀಖು ಮಾತ್ರ ಮೀರಬಾರದು. ಪೂರ್ತಿ ಲೈಸೆನ್ಸ್ ಬಂದವರು ತಗಡು ವಾಪಸ್ ತಂದುಕೊಡುತ್ತಾರೆ. ಅದನ್ನೇ ಅಳಿಸಿ ಮುಂದಿನವರಿಗೆ ಬರೆಯುತ್ತಾರೆ.

ಬಣ್ಣ ಆರುವ ತನಕ ಬಸವಮ್ಮನಿಗೆ ತಾಳ್ಮೆಯಿಲ್ಲ. “ಎಷ್ಟ್ ಮುದ್ದಾಗಿ ಬರ್ದಿದೀರಿ! ಇದನ್ನ ಮನೇಲೇ ಇಟ್ಕೊಂಬಿಡ್ಲಾ?”

ಸಿದ್ದಬಸಪ್ಪ ಕುಂಚ ಒರೆಸುತ್ತಾರೆ. “ಬೇಡ ತಾಯಿ, ಬೇಗ ತಂದ್ಕೊಡಿ. ಮುಂಚೆ ನಂಬರ್ ಬರೆಯೋವಾಗ, ಗಾಡಿ ಇರೋವರ್ಗೂ ನನ್ನ ಅಕ್ಷರ ಇರ್ಲಿ ಅಂತಿದ್ದೆ. ಈ ಎಲ್ ಮಾತ್ರ ಯಾರ ಗಾಡಿ ಮೇಲೂ ಆರು ತಿಂಗ್ಳು ಉಳೀಬಾರ್ದು. ಅದೊಂದೇ ಆಸೆ.”