ಆಳಂದದಲ್ಲಿ ಮೂರನೆಯ ತಂತಿ

ಆಳಂದಕ್ಕೆ ಬಂದ ಮೊದಲ ಬೆಳಗ್ಗೆ, ಯಾರೋ ವೀಣೆಯನ್ನು ಕೊಡತಿಯಿಂದ ಬಡಿಯುತ್ತಿದ್ದಾರೆ ಅನ್ನಿಸಿ ಬೆಚ್ಚಿ ಎದ್ದು ಕೂತೆ. ಟಂಯ್, ಟಂಯ್, ಟಕ್. ಮೈಸೂರಿನಲ್ಲಿ ವೀಣೆ ಮಾಡುವವರ ಮನೆಯಲ್ಲಿ ಹುಟ್ಟಿದವಳು ನಾನು. ಅಂಥ ಸದ್ದು ಕೇಳಿರಲಿಲ್ಲ. ಹೊರಗೆ ಬಂದು ನೋಡಿದರೆ ಪಕ್ಕದ್ದು ಪಿಂಜಾರರ ಮನೆ. ಆಳುದ್ದದ ಬಿಲ್ಲಿನ ಎಳೆಯನ್ನು ಮರದ ಗುಂಡಿನಿಂದ ಮೀಟುತ್ತ ಒಬ್ಬ ಹೆಂಗಸು ಹತ್ತಿಯ ರಾಶಿಯ ನಡುವೆ ಕೂತಿದ್ದಳು. ಹೆಸರು ಖಾಸಿಂಬಿ.

"ಅಂಜಬ್ಯಾಡ್ರಿ ಬಾಯಿ, ಹತ್ತಿ ಹಿಂಜಾಕತ್ತೇನಿ," ಅಂದಳು.

ಇಲ್ಲಿ ಗೌರವದಿಂದ ಕರೆಯುವಾಗ ಹೆಂಗಸರೆಲ್ಲ 'ಬಾಯಿ'. ನನಗೋ ಬಾಯಿ ಮುಚ್ಚು ಅಂದ ಹಾಗೆ ಕೇಳಿಸಿ ಮುಖ ಕೆಂಪಾಯಿತು.

ನಮ್ಮ ಯಜಮಾನರಿಗೆ ಹತ್ತಿಬೀಜ ಬಿಡಿಸುವ ಕಾರ್ಖಾನೆಯಲ್ಲಿ ಗುಮಾಸ್ತರ ಕೆಲಸ. ನಮ್ಮ ಕಡೆ ಹೆಂಚಿನ ಮನೆ, ಇಲ್ಲಿ ಮಣ್ಣಿನ ಮಾಳಿಗೆ. ಅಲ್ಲಿ ಮುದ್ದೆ ನುಂಗಿದರೆ ಊಟ ಮುಗಿಯಿತು. ಇಲ್ಲಿಯ ಜೋಳದ ರೊಟ್ಟಿ ತಟ್ಟಲು ಬಾರದೆ ಎರಡು ತಿಂಗಳು ಅಂಗೈ ಸುಟ್ಟುಕೊಂಡೆ. ಮಾತೂ ಅಷ್ಟೇ. ಕನ್ನಡವೇ ಹೌದು, ಆದರೆ ನಾನು ಬಾಯಿ ಬಿಟ್ಟರೆ ಬಾವಿಕಟ್ಟೆಯ ಮೇಲೆ ನಗು. ಹಾಗಾಗಿ ಮಾತು ಕಡಿಮೆ ಮಾಡಿದೆ. ಕೈಗೆ ಏನಾದರೂ ಕೆಲಸ ಬೇಕಾಯಿತು.

ಕಾರ್ಖಾನೆಯ ಸಾಹೇಬರು ಚುಟ್ಟಾ ಮುಗಿದ ಮೇಲೆ ಬಿಸಾಡಿದ್ದ ತೆಳುಮರದ ಪೆಟ್ಟಿಗೆಯೊಂದನ್ನು ಯಜಮಾನರು ತಂದಿದ್ದರು. ಅದಕ್ಕೆ ತೇಗದ ಪಟ್ಟಿ ಕೂರಿಸಿ, ತಂತಿ ಬಿಗಿಯುವ ಬಿರಡೆ ಕೆತ್ತಿ, ಮುಚ್ಚಳದ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ನಿಲ್ಲಿಸಿದೆ. ವೀಣೆಗಿರುವ ಮೆಟ್ಟಿಲಿಲ್ಲದೆ, ಮರದ ತುಂಡು ಜಾರಿಸಿ ನುಡಿಸುವ ಗೋಟುವಾದ್ಯದಂಥದ್ದು ಆಗಬೇಕೆಂದು ನನ್ನ ಆಸೆ. ಕಷ್ಟವಾದದ್ದು ತಂತಿ. ಯುದ್ಧ ಶುರುವಾದ ಮೇಲೆ ಪರದೇಶದ ಉಕ್ಕಿನ ತಂತಿ ಅಪ್ಪನಿಗೇ ಸಿಗುತ್ತಿರಲಿಲ್ಲ. ಅಪ್ಪ ನಂಬರಿನ ಮೇಲೆ ತಂತಿ ಆರಿಸುತ್ತಿದ್ದರು. ನನಗೆ ಸೂಜಿಯೇ ಅಳತೆ. ಸಣ್ಣ ಸೂಜಿಯ ಕಣ್ಣಲ್ಲಿ ದಾಟಿದ್ದು ಮೊದಲ ತಂತಿ, ಅದು ಸೈಕಲ್ ಬ್ರೇಕಿನ ಹುರಿ ಬಿಚ್ಚಿದ ಎಳೆ. ಗೋಣಿ ಹೊಲಿಯುವ ದಬ್ಬಣದ ಕಣ್ಣಲ್ಲಿ ಸಲೀಸಾಗಿ ಸರಿದದ್ದು ಎರಡನೆಯದು, ಹಿತ್ತಾಳೆ. ಅದೇ ಕಣ್ಣನ್ನು ತುಂಬುವಷ್ಟು ದಪ್ಪದ ಮೂರನೆಯದು ಎಲ್ಲೂ ಸಿಗಲಿಲ್ಲ.

ಒಂದು ಸಂಜೆ ಯಜಮಾನರು ದಾರಿಯಲ್ಲಿ ಬಿದ್ದಿತ್ತೆಂದು ಮೊಳದುದ್ದದ ತಂತಿ ತಂದರು. ದಬ್ಬಣದ ಕಣ್ಣಿನೊಳಕ್ಕೆ ಅದರ ತುದಿಯೂ ಹೋಗಲಿಲ್ಲ. "ಇದನ್ನು ಬಿಗಿದರೆ ಪೆಟ್ಟಿಗೆ ಉಳಿಯಲ್ಲ," ಎಂದು ಗೋಡೆಯ ಮೊಳೆಗೆ ಸುತ್ತಿ ಹಾಕಿದೆ.

ಗಡಿಯಾಚೆ, ಬ್ರಿಟಿಷರ ಕೈಕೆಳಗಿನ ಸೊಲ್ಲಾಪುರದ ಕಡೆ ಚಳವಳಿಯವರು ಟೆಲಿಗ್ರಾಫ್ ತಂತಿ ಕಡಿಯುತ್ತಿದ್ದ ದಿನಗಳವು. ವಾರದೊಳಗೆ ನಮ್ಮ ಬಾಗಿಲಲ್ಲಿ ಅಮೀನರು ನಿಂತಿದ್ದರು. ನಿಜಾಮರ ಸೀಮೆಯಲ್ಲಿ ಪೊಲೀಸ್ ಅಧಿಕಾರಿಗೆ ಆ ಹೆಸರು. ಹಿಂದೆ ಇಬ್ಬರು ಜವಾನರು, ಅವರ ನಡುವೆ ನಮ್ಮ ಯಜಮಾನರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವರು ದಾರಿಯಲ್ಲಿ ತಂತಿ ಎತ್ತಿಕೊಂಡದ್ದನ್ನು ಯಾರೋ ಕಂಡು ಹೇಳಿದ್ದರಂತೆ.

ಅಮೀನರ ಕಣ್ಣು ನೇರ ಮೊಳೆಗೆ ಹೋಯಿತು. "ಪರಊರಿನವ್ರು. ಮನೀತುಂಬ ತರಾವರಿ ತಂತಿ. ಯಾತಕ್ಕ?"

"ಈ ವಾದ್ಯಕ್ಕೆ," ಎಂದೆ. "ಅದು ದಪ್ಪ ಆಯ್ತು, ಬಳಸಲಿಲ್ಲ."

"ದಪ್ಪ ಆತು ಅಂತ ನೀವು ಹೇಳ್ತೀರಿ. ಹಾಕಿ ತೋರಿಸ್ರಿ."

ಹಾಕಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮೂರು ತಿಂಗಳ ಕೆಲಸ. ಯಜಮಾನರು ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದರು. ಇಕ್ಕಳದಿಂದ ತಂತಿಯನ್ನು ಬಿರಡೆಗೆ ಬಗ್ಗಿಸಿದೆ. ಒಂದು ಸುತ್ತು ತಿರುಗಿಸುವಷ್ಟರಲ್ಲಿ ಕುದುರೆ ನರಳಿತು. ಮೀಟಿದರೆ ಸ್ವರವಿಲ್ಲ, ದಡ್ ಎಂಬ ಸದ್ದು. "ಇನ್ನೂ ಬಿಗೀರಿ," ಎಂದರು ಅಮೀನರು. ಇನ್ನರ್ಧ ಸುತ್ತು ತಿರುಗಿಸಿದೆ. ಚಟ್ ಎಂದು ಮುಚ್ಚಳ ಸೀಳಿ ಕುದುರೆ ಒಳಕ್ಕೆ ಕುಸಿಯಿತು.

ಅಷ್ಟರಲ್ಲಿ ಬಾಗಿಲಿಂದ ಖಾಸಿಂಬಿಯ ದನಿ: "ಆ ಬಾಯಿ ಸೂಜಿ ಹಿಡ್ಕೊಂಡು ತಂತಿ ಅಳಿಯೂದು ದಿನಾ ನೋಡೇನಿ ಸಾಹೇಬ್ರ. ಕಡಿಯೋರು ಹಂಗ ಅಳೀತಾರೇನ್ರಿ? ತುದಿ ನೋಡ್ರಿ, ಜಂಗು ಹತ್ತೈತಿ. ನಿನ್ನಿ ಮೊನ್ನಿ ಕಡದದ್ದಲ್ಲ ಅದು."

ಅಮೀನರು ತಂತಿ ಬಿಚ್ಚಿಸಿ, ತುದಿಯನ್ನು ಉಗುರಿನಿಂದ ಕೆರೆದರು. ಕೆಂಪು ತುಕ್ಕು ಉದುರಿತು. ತಂತಿಯನ್ನು ಜವಾನನ ಕೈಗೆ ಕೊಟ್ಟು, ಎಂಟು ದಿನ ಠಾಣೆಗೆ ಹಾಜರಿ ಹಾಕಬೇಕೆಂದು ಯಜಮಾನರಿಗೆ ಹೇಳಿ ಹೊರಟರು. ಖಾಸಿಂಬಿ ನನ್ನ ಭುಜ ಹಿಡಿದು ಕೂರಿಸಿದಳು.

ಮರುದಿನ ಅವಳೇ ಸುರುಳಿ ಸುತ್ತಿದ ಎಳೆಯೊಂದನ್ನು ತಂದಳು. "ತಾಂತ್ ಐತ್ರಿ. ಆಡಿನ ಕರಳು. ಮುಟ್ತೀರಿಲ್ಲೋ?" ಬಿಲ್ಲಿಗೆ ಕಟ್ಟುವುದಕ್ಕಿಂತ ಸಣ್ಣಗೆ, ನನಗೆಂದೇ ಗಂಡನಿಂದ ಹೊಸೆಸಿದ್ದಳು. ಮಾಂಸ ಮುಟ್ಟದ ಮನೆ ನಮ್ಮದು. ಯಜಮಾನರ ಮುಖ ನೋಡಿದೆ. ಅವರು ದಬ್ಬಣ ತಂದುಕೊಟ್ಟರು. ಎಳೆ ಕಣ್ಣು ತುಂಬಿ ನಿಂತಿತು. ಚಹಾಪೆಟ್ಟಿಗೆಯ ಹಲಗೆಯಿಂದ ಹೊಸ ಮುಚ್ಚಳ ಮಾಡಿದೆ. ಕರುಳಿಗೆ ಹೆಚ್ಚು ಬಿಗಿ ಬೇಡ, ಪೆಟ್ಟಿಗೆ ತಡೆಯಿತು. ಷಡ್ಜ ತಗ್ಗಿನಲ್ಲಿ, ಮೆತ್ತಗೆ ಮೂಡಿತು. ಖಾಸಿಂಬಿ ಕೆಲಸ ನಿಲ್ಲಿಸಿ ಬಂದು ಹೊಸ್ತಿಲ ಮೇಲೆ ಕೂತಳು.

ಈ ವರ್ಷ ತಂಗಿಯ ಮದುವೆಗೆ ಮೈಸೂರಿಗೆ ಹೊರಟಾಗ, "ನಿಮ್ಮೂರು ಸಿಕ್ಕಿತಂತ ಅಲ್ಲೇ ಕುಂದ್ರಬ್ಯಾಡ್ರಿ," ಎಂದು ಖಾಸಿಂಬಿ ಗದರಿಸಿ ಕಳಿಸಿದಳು. ಮೈಸೂರಲ್ಲಿ ಮದುವೆ ಮುಗಿದ ಮೂರನೆಯ ದಿನ ಅಮ್ಮ ಹೂ ಕಟ್ಟುತ್ತ ಕೇಳಿದರು:

"ನಿಮ್ಮೂರಿಗೆ ಯಾವತ್ತು ಹೊರಡ್ತೀಯಮ್ಮ?"

"ಸೋಮವಾರ ಹೊಂಟೇನಿ," ಎಂದೆ.

ಅಮ್ಮನ ಕೈ ನಿಂತಿತು. ನನ್ನ ಬಾಯಿಂದ ಬಂದದ್ದು ಆಳಂದದ ಮಾತು, ಹೊರಡ್ತೀನಿ ಅನ್ನಬೇಕಿತ್ತು. ತಿದ್ದಿಕೊಳ್ಳಲು ಬಾಯಿ ತೆರೆದೆ, ಮತ್ತೆ ಹೊಂಟೇನಿ ಅಂತಲೇ ಬಂತು.