ಅವರೆ ಹಿದುಕುತ್ತಾ ಕೇಳಿದ ಕಾದಂಬರಿ

ಜಿಗಣಿಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಪತ್ರಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಪತ್ರವಲ್ಲದ ಬರಹವನ್ನು ಬರೆಯುತ್ತಿರುವುದು ಇದೇ ಮೊದಲು. ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ವಿನಂತಿಸುತ್ತಾ, ಒಂದು ಭಾನುವಾರ ಮಧ್ಯಾಹ್ನದ ಸಂಗತಿಯನ್ನು ಈ ಮೂಲಕ ನಿವೇದಿಸಿಕೊಳ್ಳುತ್ತೇನೆ.

ಅವರೆಕಾಯಿಯ ಕಾಲದಲ್ಲಿ ನಮ್ಮ ವಠಾರದ ಹೆಂಗಸರು ಮಾಳಿಗೆಯ ಮೇಲೆ ಸೇರಿ, ನೀರಿನಲ್ಲಿ ನೆನೆದ ಕಾಳುಗಳನ್ನು ಒಂದೊಂದಾಗಿ ಹಿದುಕಿ ಸಿಪ್ಪೆ ಬಿಡಿಸುವುದು ರೂಢಿ. ಕೈಗೆ ಕೆಲಸವಿದ್ದರೂ ಕಿವಿ ಖಾಲಿ ಇರುತ್ತದೆಂಬ ಕಾರಣಕ್ಕೆ, ಕಾದಂಬರಿ ಓದಿ ಹೇಳುವ ಹೊಣೆಯನ್ನು ನನಗೆ ವಹಿಸಲಾಗಿತ್ತು. ಆ ವರ್ಷದ ಕಾದಂಬರಿಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುತ್ತಾನೆ; ಮರುದಿನ ಬೆಳಿಗ್ಗೆ ತಾನೇ ಕೂತು ಆಕೆಯ ತಲೆ ಬಾಚಿ ಜಡೆ ಹಾಕುತ್ತಾನೆ.

"ಅಂಗೆ ಒಡೆಯೋನ್ ಕೈಲಿ ಜಡೆ ಆಕಿಸ್ಕೊಂತಾಳಲ್ಲ, ಇವ್ಳಿಗೇನ್ ಬಂದೈತೆ ದೊಡ್ರೋಗ!" ಎಂದರು ವಠಾರದ ಮಾಲೀಕರಾದ, ನಾವೆಲ್ಲರೂ ಅಮ್ಮ ಎಂದೇ ಕರೆಯುವ ಹಿರಿಯರು. ಅವರು ಈ ಊರಿನಲ್ಲೇ ಹುಟ್ಟಿ ಬೆಳೆದವರು. "ಆ ಜಡೆ ಪುರಾಣ ಬಿಟ್ಟು ಮುಂದಕ್ ಓದವ್ವ."

"ಬಿಡಬ್ಯಾಡ್ರಿ ಅಕ್ಕಾ. ಅದನ್ನಽ ಇನ್ನೊಮ್ಮಿ ಓದ್ರಿ."

ಹಾಗೆಂದವಳು ಕಲಬುರಗಿ ಕಡೆಯಿಂದ ಗಂಡನೊಡನೆ ಬಂದು ಮೂಲೆಯ ಕೋಣೆಯಲ್ಲಿದ್ದ ಹುಡುಗಿ. ಬಿಸಿಲಿದ್ದರೂ ಸ್ವೆಟರ್ ತೊಟ್ಟಿದ್ದಳು. ತೋಳು ಮಡಚದೆಯೇ ನೀರಿಗೆ ಕೈ ಹಾಕುತ್ತಿದ್ದುದರಿಂದ ಉಣ್ಣೆ ನೆನೆದು ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರೂ ಗಮನಿಸಿದ್ದೆವು, ಯಾರೂ ಕೇಳಿರಲಿಲ್ಲ.

ಇನ್ನೊಮ್ಮೆ ಓದಿದೆ.

"ನಮ್ಮವರೂ ಹಂಗಽ," ಎಂದಳು. "ಮರುದಿನ ಚಾ ತಾವಽ ಮಾಡಿ ಕೊಡ್ತಾರ."

ಅಮ್ಮನವರ ಕೈ ನಿಂತಿತು. ಬೆರಳಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿ ಕೇಳಿದರು: "ಟೀ ಚೆನ್ನಾಗ್ ಮಾಡ್ತಾನಾ?"

"ಸಕ್ರಿ ಭಾಳ ಹಾಕ್ತಾರ್ರಿ," ಎಂದು ನಗಲು ಹೋಗಿ ಹುಡುಗಿ ಅತ್ತಳು. ಆಮೇಲೆ ನನ್ನ ಕಡೆ ತಿರುಗಿದಳು. "ಕಡೀಕ ಬಿಟ್ಟು ಹೋಗ್ತಾಳೇನ್ರಿ ಆಕಿ?"

ಕೊನೆಯ ಪುಟವನ್ನು ನಾನು ಮೊದಲೇ ಓದಿದ್ದೆ. "ಹೋಗ್ತಾಳೆ. ಮತ್ತೆ ಬರ್ತಾಳೆ. ಮತ್ತೆ ಹೋಗ್ತಾಳೆ," ಎಂದು ಇದ್ದುದನ್ನು ಇದ್ದಂತೆ ತಿಳಿಸಿದೆ. ಆಕೆಯ ಪ್ರೀತಿ ಸುಳ್ಳೆಂದು ಆ ಕಾದಂಬರಿ ಎಲ್ಲಿಯೂ ಹೇಳಿರಲಿಲ್ಲ. ಪೆಟ್ಟು ಸಣ್ಣದೆಂದೂ ಹೇಳಿರಲಿಲ್ಲ.

"ಹೋದಾಕಿ ತಿರುಗಿ ಬಂದ್ರ ಮಂದಿ ನಗೂದಿಲ್ಲೇನ್ರಿ? ಮತ್ತೊಮ್ಮಿ ಹೊಂಟ್ರ ಬಾಗಲಾ ಯಾರು ತಗೀತಾರ?"

ಉತ್ತರ ಕೊಟ್ಟವರು ಅಮ್ಮ. "ನಗೋರ್ ಯಾರವ್ರೆ ಇಲ್ಲಿ? ಇವತ್ತಿಂದ ನಮ್ ಇತ್ತಲ ಬಾಗ್ಲಿಗೆ ಚಿಲ್ಕ ಆಕಲ್ಲ. ಎಷ್ಟ್ ಸಲನಾದ್ರೂ ಬಾ. ವಾಪಸ್ ಓದ್ರೆ ಯಾಕೋದೆ ಅಂತ ಕೇಳಲ್ಲ."

ಹೀಗೆಂದು ಆಕೆಯ ಒದ್ದೆ ತೋಳನ್ನು ತಾವೇ ಮೇಲಕ್ಕೆ ಮಡಚಿದರು. ನೀಲಿಗಟ್ಟಿದ ಮುಂಗೈಯನ್ನು ಸೆರಗಿನಿಂದ ಮೆಲ್ಲಗೆ ಒರೆಸಿ, ಅಂಗೈಗೆ ಒಂದು ಹಿಡಿ ಕಾಳು ಇಟ್ಟು, "ಊಂ, ಇದುಕು," ಎಂದರು. ಮುಂದಿನ ಅಧ್ಯಾಯವನ್ನು ನಾನು ಪ್ರಾರಂಭಿಸಿದೆ.

ಆ ಚಳಿಗಾಲದಲ್ಲಿ ಹುಡುಗಿ ಬಂದಳು, ಹಿಂದಿರುಗಿದಳು, ಮತ್ತೆ ಬಂದಳು. ಅಮ್ಮನವರು ಪ್ರತಿ ಸಲವೂ ಚಾಪೆ ಹಾಸಿಕೊಟ್ಟರೇ ಹೊರತು ಕೊಟ್ಟ ಮಾತಿಗೆ ತಪ್ಪಿ ಏನನ್ನೂ ಕೇಳಲಿಲ್ಲ. ಈಗ ಆಕೆ ಸರ್ಜಾಪುರದ ಬಳಿ ಒಬ್ಬಳೇ ಒಂದು ಕೋಣೆ ಮಾಡಿಕೊಂಡು ವಾಸವಾಗಿದ್ದಾಳೆ. ಅವರೆ ಹಿದುಕುವ ಭಾನುವಾರ ಮಾತ್ರ ತಪ್ಪದೆ ಹಾಜರಾಗುತ್ತಾಳೆ, ಹಿತ್ತಲ ಬಾಗಿಲನ್ನು ತಟ್ಟದೆ, ಸುಮ್ಮನೆ ತಳ್ಳಿಕೊಂಡು.